ಪುಟ್ಟಿಗೆ, ತೋಟದ ನಮೂನೆಗಳ ಬಗ್ಗೆ

ಅರಳಗುಪ್ಪೆ
ಭಾನುವಾರ

ಪ್ರೀತಿಯ ಪುಟ್ಟಿ,

ನಿಮ್ಮಮ್ಮನ ಸೊಂಟನೋವು ಈ ವಾರ ಎಷ್ಟೋ ವಾಸಿ, ಹಿತ್ತಲ ಕಡೆ ಒಂದು ಸುತ್ತು ಓಡಾಡಿಕೊಂಡು ಬರುತ್ತಿದ್ದಾಳೆ.

ನೀನು ಲ್ಯಾಪ್‌ಟಾಪಿನಿಂದ ಕಳಿಸಿದ ಟೆಂಪ್ಲೇಟುಗಳ ಪಟ್ಟಿಯನ್ನು ನಿಧಾನವಾಗಿ ಓದಿದೆ. ತೋಟವನ್ನು ಇನ್ನು ಮುಂದೆ ನಾನೇ ನೋಡಿಕೊಳ್ಳುತ್ತೇನೆ ಅಂತ ನೀನು ಹೇಳಿದ ದಿನ ನನಗೆ ಎಷ್ಟು ಸಂತೋಷವಾಯಿತೋ, ಈ ಪಟ್ಟಿ ನೋಡಿದಾಗಲೂ ಅಷ್ಟೇ ಆಯಿತು. ನೋಟು ಬರೆದಿಡುವ ಅಬ್ಸಿಡಿಯನ್‌ನಲ್ಲಿ ಇಷ್ಟೊಂದು ಟೆಂಪ್ಲೇಟು ಕೂತು ಮಾಡಿದ್ದೀಯಲ್ಲ, ಅದು ಕಾಳಜಿ ಇದ್ದವರು ಮಾಡುವ ಕೆಲಸ. "ಅತ್ತೆ, ನಲವತ್ತರ ಹತ್ತಿರ ಆಗಿಬಿಟ್ಟಿವೆ, ಬೇಕಾದ್ದು ಕೈಗೆ ಸಿಗುತ್ತಿಲ್ಲ, ಗುಂಪು ಮಾಡೋದು ಹೇಗೆ? ನೀವು ಲೈಬ್ರರಿಯಲ್ಲಿ ಇದ್ದವರು" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

ನೀನು ಈಗ ಮಾಡಿರುವ ಗುಂಪುಗಳು ತೆಂಗು, ಅಡಿಕೆ, ರಾಗಿ, ಹಸು, ಹಣ. ಕೇಳುವುದಕ್ಕೆ ಅಚ್ಚುಕಟ್ಟು. ಆದರೆ ನಮ್ಮ ಸೀಮೆಯಲ್ಲಿ ಹೀಗೆ ವಿಂಗಡಿಸಿದರೆ ಮುಕ್ಕಾಲು ಪಾಲು ತೆಂಗಿನ ಗುಂಪಿಗೇ ಹೋಗಿ ಬೀಳುತ್ತದೆ. ಕಾಯಿ ಕೀಳಿಸಿದ್ದು, ಗೊಬ್ಬರ ಹಾಕಿಸಿದ್ದು, ರೋಗ ಕಂಡಿದ್ದು, ಅಟ್ಟಕ್ಕೆ ಏರಿಸಿದ್ದು, ಸುಲಿಸಿದ್ದು, ಮಾರಿದ್ದು, ಎಲ್ಲವೂ ತೆಂಗೇ. ಅದಕ್ಕಿಂತ ಮುಖ್ಯವಾದ ತೊಂದರೆ ಇನ್ನೊಂದಿದೆ. ಆಳುಗಳು ಮರದ ಮೇಲಿದ್ದಾರೆ, ಕಾಯಿ ದಬದಬ ಬೀಳುತ್ತಿದೆ, ನೀನು ಕೆಳಗೆ ಫೋನು ಹಿಡಿದು ನಿಂತಿದ್ದೀಯ ಅಂದುಕೋ. ಆ ಹೊತ್ತಿನಲ್ಲಿ ನಿನ್ನ ತಲೆಯಲ್ಲಿ ಬರುವುದು "ಕಾಯಿ ಕೀಳ್ತಾ ಇದಾರೆ" ಅನ್ನುವುದೇ ಹೊರತು "ವಿಷಯ: ತೆಂಗು" ಅಂತ ಯಾರಿಗೂ ಬರುವುದಿಲ್ಲ. ಟೆಂಪ್ಲೇಟು ಸಿಗಬೇಕಾದ್ದು ಆ ಮಾತಿಗೆ.

ನಾನು ಹೇಳಬೇಕೆಂದಿರುವುದು ಇಷ್ಟೇ ಪುಟ್ಟಿ. ಟೆಂಪ್ಲೇಟನ್ನು ಹುಡುಕುವುದು ಕೆಲಸ ಶುರುವಾಗುವಾಗ. ಅದರಲ್ಲಿ ಬರೆದ ನೋಟನ್ನು ಹುಡುಕುವುದು ಕೆಲಸ ಮುಗಿದು ಎಷ್ಟೋ ದಿನ ಆದಮೇಲೆ, ಬಹಳ ಸಲ ಬೇರೆ ಯಾರೋ ಕೇಳಿದಾಗ. ಇವೆರಡೂ ಬೇರೆ ಬೇರೆ ಹುಡುಕಾಟ. ನೀನು ಎರಡಕ್ಕೂ ಒಂದೇ ವಿಂಗಡಣೆ ಇಟ್ಟಿದ್ದೀಯ, ಅದಕ್ಕೇ ಎರಡೂ ಸರಿಹೋಗುತ್ತಿಲ್ಲ. ಟೆಂಪ್ಲೇಟುಗಳನ್ನು ನೀನು ನಿಂತಿರುವ ಜಾಗದ ಮೇಲೆ ಗುಂಪು ಮಾಡು. ನೋಟುಗಳನ್ನು ಮುಂದೆ ಯಾರು ಏನು ಕೇಳುತ್ತಾರೆ ಅನ್ನುವುದರ ಮೇಲೆ ಜೋಡಿಸು.

ಇದು ನನ್ನ ಸ್ವಂತ ಬುದ್ಧಿಯೇನಲ್ಲ. ಲೂಯಿ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಶಾಸನ ಸಂಪುಟಗಳನ್ನು ನಾನು ಕಾಲೇಜಿನ ಲೈಬ್ರರಿಯಲ್ಲಿದ್ದಾಗ ಎಷ್ಟು ಸಲ ಕಪಾಟಿನಿಂದ ತೆಗೆದುಕೊಟ್ಟಿದ್ದೇನೋ. ನಮ್ಮ ತುಮಕೂರು ಜಿಲ್ಲೆಯದು 12ನೇ ಸಂಪುಟ, 1904ರಲ್ಲಿ ಅಚ್ಚಾದದ್ದು. ಅದರೊಳಗೆ ಶಾಸನಗಳು ತಾಲ್ಲೂಕುವಾರು ಇವೆ. ತುಮಕೂರಿನವು ಒಂದು ಕಡೆ, ತಿಪಟೂರಿನವು ಒಂದು ಕಡೆ, ಚಿಕ್ಕನಾಯಕನಹಳ್ಳಿಯವು ಇನ್ನೊಂದು ಕಡೆ, ಪ್ರತಿ ತಾಲ್ಲೂಕಿಗೂ ಒಂದರಿಂದ ಶುರುವಾಗುವ ಸಂಖ್ಯೆ. ಊರೂರು ತಿರುಗಿ ಅಚ್ಚು ತೆಗೆಯುವವರಿಗೆ ಅದೇ ಅನುಕೂಲದ ಕ್ರಮ. ಇವತ್ತು ಯಾವ ಊರಿನಲ್ಲಿದ್ದಾರೋ ಆ ಊರಿನ ಕಲ್ಲುಗಳನ್ನೆಲ್ಲ ಮುಗಿಸಿಕೊಂಡು ಮುಂದೆ ಹೋಗಬೇಕು. ಆದರೆ ಇತಿಹಾಸ ಓದುವ ಹುಡುಗರು ಬಂದು ಕೇಳುತ್ತಿದ್ದದ್ದು ಹಾಗಲ್ಲ. "ಮೇಡಂ, ನೊಳಂಬರ ಕಾಲದ್ದು ಯಾವುದಿದೆ, ಹೊಯ್ಸಳರದ್ದು ಯಾವುದಿದೆ" ಅಂತ. ಅವರಿಗೋಸ್ಕರ ಅದೇ ಸಂಪುಟದಲ್ಲಿ ಕಾಲಾನುಕ್ರಮದ ಪಟ್ಟಿ ಬೇರೆಯಾಗಿ ಕೊಟ್ಟಿದ್ದಾರೆ. ಕಲ್ಲು ಒಂದೇ, ಓದು ಒಂದೇ, ಹೋಗುವ ದಾರಿ ಎರಡು. ಸಂಗ್ರಹಿಸುವವನ ದಾರಿಯನ್ನು ಓದುವವನ ಮೇಲೆ ಹೇರಲಿಲ್ಲ, ಓದುವವನ ದಾರಿಯನ್ನು ಸಂಗ್ರಹಿಸುವವನ ಮೇಲೂ ಹೇರಲಿಲ್ಲ. ನಮ್ಮ ಲೈಬ್ರರಿಯವರಿಗೆಲ್ಲ ಗುರುವಾದ ರಂಗನಾಥನ್ ಅವರು 1931ರಲ್ಲೇ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸುವುದರ ಬಗ್ಗೆ. ನಿನ್ನ ಫೋನಿನ ಮಟ್ಟಿಗೆ ಬರೆಯುವವಳೂ ನೀನೇ, ಓದುವವಳೂ ನೀನೇ. ಇಬ್ಬರ ಸಮಯವೂ ಉಳಿಯಬೇಕು.

ನಮ್ಮ ತೆಂಗಿಗೆ ಈ ಎರಡು ದಾರಿಯ ಮಾತು ಬೇರೆಲ್ಲ ಬೆಳೆಗಿಂತ ಹೆಚ್ಚು ಅನ್ವಯಿಸುತ್ತದೆ. ಲೆಕ್ಕ ಹಾಕಿ ನೋಡು. ಹೊಂಬಾಳೆ ಬಿರಿದು ಕಾಯಿ ಬಲಿಯುವುದಕ್ಕೆ ಹೆಚ್ಚುಕಡಿಮೆ 12 ತಿಂಗಳು. ಕಿತ್ತ ಕಾಯಿ ಉಂಡೆ ಕೊಬ್ಬರಿಯಾಗಲು ಅಟ್ಟದ ಮೇಲೆ ಒಳಗಿನ ನೀರು ಇಂಗುವವರೆಗೆ ಮತ್ತೆ ಹತ್ತಿರ ಹತ್ತಿರ ಒಂದು ವರ್ಷ. ಹೊಂಬಾಳೆ ಹೊತ್ತಿನಲ್ಲಿ ಮರಕ್ಕೆ ನೀರು ಸಾಲಲಿಲ್ಲ ಅಂತ ನೀನು ಬರೆದಿಟ್ಟ ನೋಟು ಉಪಯೋಗಕ್ಕೆ ಬರುವುದು ಎರಡು ವರ್ಷ ಆದಮೇಲೆ, ಮಂಡಿಯಲ್ಲಿ ಈ ಲಾಟಿನ ಕೊಬ್ಬರಿ ಯಾಕೆ ಸಣ್ಣದಾಯಿತು ಅಂತ ಯೋಚಿಸುವಾಗ. ಅಷ್ಟು ದೂರದಿಂದ ಹುಡುಕಿಕೊಂಡು ಬರುವವರಿಗೆ ದಾರಿ ಸ್ಪಷ್ಟವಾಗಿರಬೇಕು.

ಈಗ ಗುಂಪುಗಳ ಮಾತಿಗೆ ಬರುತ್ತೇನೆ. ನನಗೆ ಕಾಣುವುದು ಐದೇ ಜಾಗ. ತೋಟ, ಅಟ್ಟ, ಮಂಡಿ, ಕಚೇರಿ, ಮನೆ. ಟೆಂಪ್ಲೇಟುಗಳ ಫೋಲ್ಡರ್ ಯಾವುದು ಅಂತ ಸೆಟ್ಟಿಂಗ್ಸ್‌ನಲ್ಲಿ ಒಂದೇ ಒಂದನ್ನು ತೋರಿಸಿದ್ದೀಯಲ್ಲ, ಅದರೊಳಗೇ ಈ ಐದನ್ನು ಉಪಫೋಲ್ಡರ್ ಮಾಡು. ಹೆಸರಿನ ಮುಂದೆ ಅಂಕಿ ಹಾಕು, 1 ತೋಟ, 2 ಅಟ್ಟ, 3 ಮಂಡಿ, ಹೀಗೆ. ಅಂಕಿ ಇಲ್ಲದಿದ್ದರೆ ಕಂಪ್ಯೂಟರು ಅಕಾರಾದಿಯಲ್ಲಿ ಜೋಡಿಸಿ ಅಟ್ಟವನ್ನು ತೋಟಕ್ಕಿಂತ ಮೊದಲು ತರುತ್ತದೆ. ಕಾಯಿ ಹೋಗುವ ದಾರಿಯಲ್ಲೇ ಗುಂಪುಗಳೂ ಇದ್ದರೆ ಹುಡುಕುವ ಶ್ರಮವೇ ಇರುವುದಿಲ್ಲ. ಹಸುವಿನದ್ದು ಮನೆ ಗುಂಪಿಗೆ ಹೋಗಲಿ, ಡಾಕ್ಟರು ಬರುವುದು ಕೊಟ್ಟಿಗೆಗೆ ತಾನೇ. "ಇತರೆ" ಅಂತ ಒಂದು ಗುಂಪು ಮಾತ್ರ ದಯವಿಟ್ಟು ಮಾಡಬೇಡ. ಲೈಬ್ರರಿಯಲ್ಲಿ ಆ ಹೆಸರಿನ ಕಪಾಟು ಇಟ್ಟ ವರ್ಷವೇ ಅದು ತುಂಬಿಹೋಗುತ್ತದೆ, ಆಮೇಲೆ ಅದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಗುಂಪು ಮಾಡಿದರೆ ಅರ್ಧ ಕೆಲಸ ಆಯಿತು. ಇನ್ನರ್ಧ ಹೆಸರು. ನಿನ್ನ ಪಟ್ಟಿಯಲ್ಲಿ "ತೆಂಗು - ಕೊಯ್ಲು ವಿವರ", "ತೆಂಗು - ಕೀಟ ವಿವರ", "ತೆಂಗು - ಮಾರಾಟ ವಿವರ" ಅಂತಿದೆ. ಟೆಂಪ್ಲೇಟು ಸೇರಿಸುವ ಪಟ್ಟಿ ತೆರೆದು "ತೆಂ" ಅಂತ ಟೈಪು ಮಾಡಿದರೆ ಎಲ್ಲವೂ ಒಟ್ಟಿಗೆ ಎದುರು ನಿಲ್ಲುತ್ತವೆ. ಮೊದಲ ಪದವೇ ಬೇರೆ ಬೇರೆ ಇರಲಿ, ಬಾಯಲ್ಲಿ ಬರುವ ಮಾತೇ ಇರಲಿ. "ಕಾಯಿ ಕೀಳಿಸಿದ್ದು", "ಹುಳ ಕಂಡಿದ್ದು", "ಅಟ್ಟಕ್ಕೆ ಏರಿಸಿದ್ದು", "ಸುಲಿಸಿದ್ದು", "ಟೆಂಡರ್ ದಿನ". ಎರಡು ಅಕ್ಷರ ಟೈಪು ಮಾಡುವುದರೊಳಗೆ ಸಿಗುತ್ತದೆ. ನಮ್ಮೂರ ಕಲ್ಲೇಶ್ವರನ ಗುಡಿಯ ಮೇಲ್ಛಾವಣಿ ನಿನಗೆ ನೆನಪಿದೆಯಲ್ಲ, ಒಂಬತ್ತು ಮನೆ, ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಕಿನ ಎಂಟು ಜನ. ಯಮನನ್ನು ದಕ್ಷಿಣದ ಮನೆಯಿಂದಲೂ ಗುರುತಿಸಬಹುದು, ಕೋಣದಿಂದಲೂ ಗುರುತಿಸಬಹುದು. 9ನೇ ಶತಮಾನದ ಆ ಶಿಲ್ಪಿ ಜಾಗ, ಗುರುತು ಎರಡನ್ನೂ ಕೊಟ್ಟಿದ್ದಾನೆ. ಟೆಂಪ್ಲೇಟಿಗೂ ಫೋಲ್ಡರಿನ ಜಾಗ ಒಂದು, ಹೆಸರಿನ ಗುರುತು ಒಂದು, ಎರಡೂ ಬೇಕು.

ಹೆಸರು ಬರೆಯುವಾಗ ಕಾಗುಣಿತವನ್ನು ಒಂದೇ ಥರ ಇಟ್ಟುಕೋ. ಒಂದು ಕಡೆ ಕಪ್ಪುತಲೆ ಹುಳು, ಇನ್ನೊಂದು ಕಡೆ ಕಪ್ಪು ತಲೆ ಹುಳ ಅಂತಿದ್ದರೆ ಹುಡುಕಿದಾಗ ಒಂದು ಸಿಕ್ಕಿ ಇನ್ನೊಂದು ತಪ್ಪಿಹೋಗುತ್ತದೆ. ಟೆಂಪ್ಲೇಟಿನೊಳಗೇ ಸರಿಯಾದ ಪದವನ್ನು ಮೊದಲೇ ಬರೆದಿಟ್ಟುಬಿಟ್ಟರೆ ಈ ತೊಂದರೆ ಇಲ್ಲ.

ಒಳಗೆ ಏನಿರಬೇಕು ಅನ್ನುವುದನ್ನು ನಾನು ನಿನಗಿಂತ ನಿನ್ನಪ್ಪನ ಹತ್ತಿರ ಕೇಳಬೇಕು ಅಂದುಕೊಂಡೆ. ಮಂಡಿಯವರು ಹೊಸ ವರ್ಷಕ್ಕೆ ಅವನಿಗೆ ಕೊಡುತ್ತಿದ್ದ ಪಾಕೆಟ್ ಡೈರಿಗಳನ್ನೆಲ್ಲ ಬೀರುವಿನಿಂದ ತೆಗೆದು ಕೂತೆ. ಕಾಯಿ ಕೀಳಿಸಿದ ಪ್ರತಿ ದಿನವೂ ಅವನು ಬರೆದಿರುವುದು ಒಂದೇ ಕ್ರಮದಲ್ಲಿ. ತಾರೀಖು, ಯಾವ ಪಟ್ಟೆ, ಎಷ್ಟು ಮರ, ಎಷ್ಟು ಕಾಯಿ, ಉದುರು ಕಾಯಿ ಬೇರೆ, ಎಳನೀರಿಗೆ ಬಿಟ್ಟಿದ್ದು ಬೇರೆ, ಕೂಲಿ, ಕೊನೆಯಲ್ಲಿ ಒಂದು ಸಾಲು ಮಳೆಯದ್ದೋ ಬಿಸಿಲಿನದ್ದೋ ಮಾತು. ಯಾರೂ ಅವನಿಗೆ ಫಾರಂ ಕೊಟ್ಟಿರಲಿಲ್ಲ. ವರ್ಷಗಟ್ಟಲೆ ಅದೇ ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಂಡಿದ್ದಾನೆ. ಪುಟ್ಟಿ, ನಿನ್ನ "ಕೊಯ್ಲು ವಿವರ"ದಲ್ಲಿ ಎಷ್ಟೋ ಖಾನೆಗಳಿವೆ, ಆದರೆ ಉದುರು ಕಾಯಿಯ ಖಾನೆ ಇಲ್ಲ. ಅದನ್ನು ಸೇರಿಸು. ಉದುರು ಹೆಚ್ಚಾದ ವರ್ಷ ನೀರಿನದ್ದೋ ನುಸಿಯದ್ದೋ ಏನೋ ಒಂದು ಕಾರಣ ಇದ್ದೇ ಇರುತ್ತದೆ, ಅವನ ಡೈರಿಯಲ್ಲಿ ಅದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ.

ಹುಳದ್ದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಈಗ ನಮ್ಮ ಕಡೆ ಅದೇ ದೊಡ್ಡ ಚಿಂತೆ. ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರ ಹತ್ತಿರ ಹೋಗಿ "ಮರ ಒಣಗ್ತಿದೆ ಸಾರ್" ಅಂದರೆ ಸಾಲುವುದಿಲ್ಲ. ಒಣಗಿದ್ದು ಕೆಳಗಿನ ಗರಿಯೋ ಸುಳಿಯೋ? ಗರಿಯ ಅಡಿಯಲ್ಲಿ ಹುಳ ಕೆರೆದು ತಿಂದು ನೂಲು ಕಟ್ಟಿದೆಯೋ, ಅದು ಕಪ್ಪುತಲೆ ಹುಳು. ಅಡಿಯಲ್ಲಿ ಬಿಳಿ ಸುರುಳಿ ಸುರುಳಿ ಇದ್ದು ಕೆಳಗಿನ ಗರಿಗಳ ಮೇಲೆ ಮಸಿ ಹಿಡಿದ ಹಾಗಿದೆಯೋ, ಅದು ಬಿಳಿನೊಣ. ಕಾಂಡದಿಂದ ಕೆಂಚು ರಸ ಸೋರುತ್ತಿದೆಯೋ, ಬುಡದಲ್ಲಿ ಅಣಬೆ ಎದ್ದಿದೆಯೋ, ತೂತು ಬಿದ್ದು ನಾರು ಹೊರಗೆ ಬಂದಿದೆಯೋ, ಒಂದೊಂದಕ್ಕೂ ಬೇರೆ ಉಪಚಾರ. ಈ ಪ್ರಶ್ನೆಗಳನ್ನು ಸಾಲಾಗಿ "ಹುಳ ಕಂಡಿದ್ದು" ಟೆಂಪ್ಲೇಟಿನಲ್ಲಿ ಬರೆದಿಡು. ಮರದ ಕೆಳಗೆ ನಿಂತಾಗ ಉತ್ತರ ತುಂಬಿಕೊಂಡು ಬಂದರೆ, ತೋರಿಸಲು ಹೋದಾಗ ಮತ್ತೆ ತೋಟಕ್ಕೆ ಓಡುವ ಕೆಲಸವಿಲ್ಲ. ಜೊತೆಗೆ "ಔಷಧಿ ಕೊಟ್ಟಿದ್ದು" ಅಂತ ಇನ್ನೊಂದು ಇರಲಿ, ಅದರಲ್ಲಿ ಒಂದು ಖಾನೆ ಕಡ್ಡಾಯ: "ಇಲ್ಲಿಯವರೆಗೆ ಕಾಯಿ ಕೀಳಬಾರದು". ಬೇರಿನ ಮೂಲಕ ಔಷಧಿ ಕೊಟ್ಟರೆ 45 ದಿನ ಆ ಮರದ ಕಾಯಿ ಮುಟ್ಟುವಂತಿಲ್ಲ. ಔಷಧಿ ಕೊಡಿಸುವವರು ಒಬ್ಬರು, ಕಾಯಿ ಕೀಳಿಸುವವರು ಇನ್ನೊಬ್ಬರು ಆದಾಗ ಈ ಒಂದು ಸಾಲು ಇಲ್ಲದಿದ್ದರೆ ಆ ಕಾಯಿ ಯಾರ ಮನೆಯ ಅಡುಗೆಗೋ ಹೋಗುತ್ತದೆ. ಟೆಂಪ್ಲೇಟು ಎಷ್ಟು ಗಂಭೀರವಾದ ವಸ್ತು ಅಂತ ನನಗೆ ಅನ್ನಿಸುವುದು ಇಂಥ ಕಡೆ.

ಅಟ್ಟದ ಗುಂಪಿನಲ್ಲಿ ಹೆಚ್ಚು ಬೇಡ. ಏರಿಸಿದ್ದು ಒಂದು, ಇಳಿಸಿ ಸುಲಿಸಿದ್ದು ಒಂದು. ಎರಡರಲ್ಲೂ ಲಾಟಿನ ಗುರುತು ಒಂದೇ ಇರಬೇಕು, ಅಟ್ಟದಲ್ಲಿ ಯಾವ ಮೂಲೆ ಅನ್ನುವುದೂ ಇರಬೇಕು. ಕೆಟ್ಟುಹೋದ ಕೌಟು ಕೊಬ್ಬರಿ ಎಷ್ಟು ಬಂತು ಅನ್ನುವುದನ್ನು ಮಾತ್ರ ಮರೆಯದೆ ಬರೆ.

ಮಂಡಿಯದ್ದು ನಿನಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ತೂಕ, ಚೀಲ, ನಮಗೆ ಸಿಕ್ಕ ಬೆಲೆ ಇಷ್ಟೇ ಬರೆದರೆ ಅದು ಮಂಡಿಯವರು ಕೊಡುವ ಪಟ್ಟಿಯಲ್ಲೂ ಇರುತ್ತದೆ. ಆ ದಿನದ ಟೆಂಡರಿನಲ್ಲಿ ಅತಿ ಹೆಚ್ಚು ಎಷ್ಟು, ಅತಿ ಕಡಿಮೆ ಎಷ್ಟು, ಆ ವರ್ಷದ ಬೆಂಬಲ ಬೆಲೆ ಎಷ್ಟು, ಇವು ಮೂರೂ ಪಕ್ಕದಲ್ಲಿ ಇರಲಿ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ 2024ಕ್ಕೆ ಕ್ವಿಂಟಾಲಿಗೆ 12,000, 2025ಕ್ಕೆ 12,100, 2026ಕ್ಕೆ 12,500 ರೂಪಾಯಿ. 2024ರ ಶುರುವಿನಲ್ಲಿ ತಿಪಟೂರಿನ ಬೆಲೆ ಅದಕ್ಕಿಂತ ಕೆಳಗಿತ್ತು, ರೈತರು ನಾಫೆಡ್ ಖರೀದಿಯ ನೋಂದಣಿಗೆ ಸಾಲುಗಟ್ಟಿ ನಿಂತರು. ಮರುವರ್ಷ ಅದೇ ಕೊಬ್ಬರಿ 20 ಸಾವಿರ ದಾಟಿತು. ಇಷ್ಟು ಏರಿಳಿಯುವ ಬೆಳೆಯಲ್ಲಿ ನಮ್ಮ ಮಾರಾಟದ ಅಂಕಿಯೊಂದನ್ನೇ ಇಟ್ಟುಕೊಂಡರೆ ಆಮೇಲೆ ಅದರಿಂದ ಏನೂ ತಿಳಿಯುವುದಿಲ್ಲ.

ಕಚೇರಿ ಗುಂಪು ಬೇರೆಯೇ ಇರಲಿ ಅಂದದ್ದು ಈ ನೋಂದಣಿಯಂಥ ಕೆಲಸಗಳಿಗೇ. ನೋಂದಣಿಯ ದಿನ ಪಹಣಿ, ಫ್ರೂಟ್ಸ್ ಐಡಿ, ಆಧಾರ್, ಪಾಸ್‌ಬುಕ್ಕು ಏನೇನು ತಗೊಂಡು ಹೋಗಬೇಕು, ಯಾವ ಸರ್ವೆ ನಂಬರಿಗೆ ಯಾರ ಹೆಸರು, ಅರ್ಜಿ ಕೊಟ್ಟ ತಾರೀಖು ಯಾವುದು, ಯಾರು ಏನು ಹೇಳಿ ಕಳಿಸಿದರು. ಈ ಗುಂಪು ತೆರೆಯುವಾಗ ನಿನ್ನ ಕೈಯಲ್ಲಿ ಮಣ್ಣಿರುವುದಿಲ್ಲ, ಚೀಲದಲ್ಲಿ ಕಾಗದ ಇರುತ್ತದೆ.

ಪಹಣಿ ಅಂದಾಗ ಒಂದು ಮಾತು. ನಮ್ಮ ಹಿಂದಿನವರು ಇದನ್ನೆಲ್ಲ ಮಾಡಿರಲಿಲ್ಲ ಅಂದುಕೊಳ್ಳಬೇಡ. ಶಾನುಭೋಗರ ಕಡತ ಅಂತ ಇತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯ್ದೆ ರದ್ದು ಮಾಡಿತು, ಗ್ರಾಮ ಲೆಕ್ಕಿಗರು ಬಂದರು. 2000ದ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಪಹಣಿಯೆಲ್ಲ ಕಂಪ್ಯೂಟರಿಗೆ ಹೋಯಿತು. ಬರೆಯುವವರು ಬದಲಾದರು, ಬರೆಯುವ ವಸ್ತು ಬದಲಾಯಿತು. ಆದರೆ ಇವತ್ತಿಗೂ ಊರಿನಲ್ಲಿ "9ನೇ ಕಾಲಂನಲ್ಲಿ ಯಾರ ಹೆಸರಿದೆ", "11ನೇ ಕಾಲಂನಲ್ಲಿ ಸಾಲ ಕೂತಿದೆ" ಅಂತಲೇ ಮಾತಾಡುತ್ತಾರೆ. ಅಕ್ಷರ ಓದಲು ಬಾರದವರಿಗೂ ಆ ಖಾನೆಯ ಸಂಖ್ಯೆ ಗೊತ್ತು. ಖಾನೆಗಳ ಕ್ರಮ ಬದಲಾಯಿಸದೆ ಉಳಿಸಿಕೊಂಡರೆ ಅದು ಒಬ್ಬರದ್ದಾಗಿ ಉಳಿಯುವುದಿಲ್ಲ, ಊರಿನದ್ದೇ ಆಗಿಬಿಡುತ್ತದೆ. ನೀನು ನಿನ್ನ ಟೆಂಪ್ಲೇಟಿನಲ್ಲಿ ಖಾನೆ ಸೇರಿಸಬೇಕಾದರೆ ಕೊನೆಯಲ್ಲಿ ಸೇರಿಸು. ನಡುವೆ ತೂರಿಸಬೇಡ, ಮೇಲೆ ಕೆಳಗೆ ಮಾಡಬೇಡ.

ಇನ್ನು ನೋಟುಗಳನ್ನು ಹುಡುಕುವ ಮಾತು. ಪ್ರತಿ ಟೆಂಪ್ಲೇಟಿನ ತಲೆಯಲ್ಲಿ ಪ್ರಾಪರ್ಟಿ ಅಂತ ಖಾನೆಗಳನ್ನು ಇಡಬಹುದಲ್ಲ, ಅಲ್ಲಿ ನಾಲ್ಕನ್ನು ಮಾತ್ರ ಇಡು: ವರ್ಷ, ಪಟ್ಟೆ, ಬೆಳೆ, ಲಾಟು. ನಿನ್ನ ಈಗಿನ ತೆಂಗು, ಅಡಿಕೆ, ರಾಗಿ ವಿಂಗಡಣೆ ವ್ಯರ್ಥವಾಗಲಿಲ್ಲ ನೋಡು, ಅದಕ್ಕೆ ಸರಿಯಾದ ಜಾಗ ಇದು. ಈ ನಾಲ್ಕು ಎಲ್ಲ ಗುಂಪಿನ ಟೆಂಪ್ಲೇಟುಗಳಲ್ಲೂ ಒಂದೇ ಹೆಸರಿನಲ್ಲಿ ಇದ್ದರೆ, ಕೆಳಗಿನ ಪಟ್ಟೆಯಲ್ಲಿ ಆ ವರ್ಷ ಏನೇನಾಯಿತು ಅಂತ ಕೇಳಿದಾಗ ತೋಟದ್ದು, ಅಟ್ಟದ್ದು, ಮಂಡಿಯದ್ದು ಒಟ್ಟಿಗೆ ಎದುರು ಬರುತ್ತವೆ. ರೈಸ್ ಅವರ ಕಾಲಾನುಕ್ರಮದ ಪಟ್ಟಿ ಮಾಡಿದ ಕೆಲಸವನ್ನು ಇಲ್ಲಿ ಈ ನಾಲ್ಕು ಖಾನೆ ಮಾಡುತ್ತವೆ. ತಾರೀಖನ್ನು ಕೈಯಲ್ಲಿ ಬರೆಯುವ ಗೋಜು ಬೇಡ, ಜೋಡಿ ಪುಷ್ಪಾವರಣದ ನಡುವೆ ಇಂಗ್ಲಿಷಿನಲ್ಲಿ ಡೇಟ್ ಅಂತ ಇಟ್ಟರೆ ತಾನಾಗಿ ಕೂರುತ್ತದೆ ಅಂತ ನೀನೇ ನನಗೆ ತೋರಿಸಿದ್ದೆ.

ಗುಂಪು ಬದಲಾಯಿಸಿದರೆ ಹಳೆಯ ನೋಟುಗಳು ಕೆಟ್ಟುಹೋಗುತ್ತವೇನೋ ಅಂತ ನಿನಗೆ ಭಯವಿದ್ದ ಹಾಗಿದೆ. ಇಲ್ಲ. ಟೆಂಪ್ಲೇಟು ನೋಟಿಗೆ ತನ್ನ ಅಕ್ಷರಗಳನ್ನು ಕೊಟ್ಟ ಕ್ಷಣಕ್ಕೆ ಇಬ್ಬರ ಸಂಬಂಧ ಮುಗಿಯಿತು. ಆಮೇಲೆ ಟೆಂಪ್ಲೇಟನ್ನು ಎಲ್ಲಿಗೆ ಸರಿಸಿದರೂ, ಹೆಸರು ಬದಲಿಸಿದರೂ, ಖಾನೆ ಸೇರಿಸಿದರೂ ಬರೆದ ನೋಟು ಹಾಗೇ ಇರುತ್ತದೆ. ನನಗೆ ಇದು ಒಳ್ಳೆಯ ಗುಣವಾಗಿ ಕಾಣುತ್ತದೆ. ಬಿಳಿನೊಣದ ಖಾನೆ ಯಾವ ವರ್ಷದ ನೋಟಿನಿಂದ ಶುರುವಾಗಿದೆ ಅಂತ ನೋಡಿದರೆ, ಆ ಪ್ರಶ್ನೆ ನಮ್ಮ ತೋಟಕ್ಕೆ ಯಾವಾಗ ಬಂತು ಅನ್ನುವುದೂ ತಿಳಿಯುತ್ತದೆ. ಹಳೆಯ ನೋಟುಗಳಿಗೆ ಹೋಗಿ ಹೊಸ ಖಾನೆ ತುರುಕಬೇಡ.

ನಲವತ್ತರಲ್ಲಿ ಎಷ್ಟು ಉಳಿಯಬೇಕು? ನಾನಾದರೆ ಹದಿನೈದು ಇಪ್ಪತ್ತಕ್ಕೆ ತರುತ್ತೇನೆ. ಒಂದು ಕಾಯಿ ಕೀಳುವ ಸುತ್ತಿನಿಂದ ಇನ್ನೊಂದು ಸುತ್ತಿನವರೆಗೆ ಕಾದು ನೋಡು, ಒಮ್ಮೆಯೂ ಕೈಗೆ ತೆಗೆದುಕೊಳ್ಳದ್ದನ್ನು ಟೆಂಪ್ಲೇಟು ಫೋಲ್ಡರಿನಿಂದ ಹೊರಗೆ ಇಡು. ಒಳಗೇ "ಹಳೆಯವು" ಅಂತ ಉಪಫೋಲ್ಡರು ಮಾಡಿದರೆ ಪಟ್ಟಿಯಲ್ಲಿ ಅವೂ ಬಂದು ನಿಲ್ಲುತ್ತವೆ, ಪ್ರಯೋಜನವಿಲ್ಲ. ಅಳಿಸುವುದು ಬೇಡ, ವರ್ಷಕ್ಕೊಮ್ಮೆ ಬೇಕಾಗುವ ಕಂದಾಯದ್ದೋ ಯುಗಾದಿಯ ಹೊನ್ನಾರಿನದ್ದೋ ಅದರಲ್ಲಿ ಸೇರಿಹೋಗಿರಬಹುದು.

ಇವೆಲ್ಲ ಸಾದಾ ಪಠ್ಯದ ಕಡತಗಳಾಗಿ ನಿನ್ನ ಯಂತ್ರದಲ್ಲೇ ಇರುತ್ತವೆ ಅನ್ನುವುದು ನನಗೆ ತುಂಬ ಹಿಡಿಸಿದ ವಿಷಯ. ಮುಂದೆ ಈ ಸಾಫ್ಟ್‌ವೇರ್ ಇರಲಿ, ಹೋಗಲಿ, ಬೇರೆ ಯಾವುದರಲ್ಲಾದರೂ ತೆರೆದು ಓದಬಹುದು. ಆದರೂ ತಿಂಗಳಿಗೊಮ್ಮೆ ಪೂರ್ತಿ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ನನಗೆ ಕೊಡು, ಅಪ್ಪನ ಡೈರಿಗಳ ಪಕ್ಕದಲ್ಲಿ ಇಡುತ್ತೇನೆ.

ಮುಂದಿನ ವಾರ ಕೆಳಗಿನ ಪಟ್ಟೆಯಲ್ಲಿ ಕಾಯಿ ಕೀಳಿಸಬೇಕು ಅಂದುಕೊಂಡಿದ್ದೇವೆ. ಅಷ್ಟರೊಳಗೆ ಐದೂ ಗುಂಪು ಆಗದಿದ್ದರೆ ಚಿಂತೆಯಿಲ್ಲ, ತೋಟದ ಗುಂಪು ಒಂದನ್ನು ಮಾಡಿಕೊಂಡು ಬಾ. ಶನಿವಾರ ಬೆಳಿಗ್ಗೆಯ ರೈಲಿಗೆ ಹೊರಟರೆ ಆಳುಗಳು ಬರುವ ಹೊತ್ತಿಗೆ ನೀನು ಇರುವುದಿಲ್ಲ, ಶುಕ್ರವಾರ ಸಂಜೆಯೇ ಹೊರಡು. ಉದುರು ಕಾಯಿಯನ್ನು ನೀನೇ ಎಣಿಸಿ ಬರೆಯಬೇಕು.

ಇಂತಿ,
ನಿನ್ನ ಪ್ರೀತಿಯ ಅತ್ತೆ